ಯಾವಾಗ ಗುಜರಿ, ಯಾವಾಗ ಬರೀ ಹಳೇದು?

ಹಳೆಯ ವಸ್ತುವನ್ನು ಹೀಗಳೆಯಲು ಕನ್ನಡದಲ್ಲಿ ಮಾತಿಗೆ ಬರವಿಲ್ಲ. ಓಬಿರಾಯನ ಕಾಲದ ಫ್ಯಾನು, ಲಡಕಾಸಿ ಸೈಕಲ್ಲು, ಡಕೋಟ ಬಸ್ಸು, ಡಬ್ಬಾ ಟೀವಿ. ಇವೆಲ್ಲದರ ನಡುವೆ ಹೆಚ್ಚು ದುಡಿಯುವ ಪದ ‘ಗುಜರಿ’. ಗುಜರಿ ಗಾಡಿ, ಗುಜರಿ ಅಂಗಡಿ, ಗುಜರಿ ಸಾಮಾನು, ಗುಜರಿಗೆ ಹಾಕು, ಗುಜರಿ ಸೇರಿತು. ಹಳೆಯದು ಎನ್ನುವುದಕ್ಕೆ ಇದು ಇನ್ನೊಂದು ಹೆಸರು ಅಷ್ಟೇ ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಆದರೆ ಬಳಕೆಯನ್ನು ಸ್ವಲ್ಪ ಕಿವಿಗೊಟ್ಟು ಕೇಳಿದರೆ ಲೆಕ್ಕ ತಪ್ಪುತ್ತದೆ. ನಾಲ್ಕೇ ವರ್ಷದ ಮೊಬೈಲನ್ನು ಕಾಲೇಜು ಹುಡುಗ ಗುಜರಿ ಎನ್ನುತ್ತಾನೆ. ಅದೇ ಮನೆಯಲ್ಲಿ ಅಜ್ಜಿಯ ತವರಿನಿಂದ ಬಂದ ಹಿತ್ತಾಳೆ ಕೊಳದಪ್ಪಲೆಯನ್ನು ಹಾಗೆ ಕರೆದು ನೋಡಲಿ, ಊಟ ಸಿಗುವುದು ಕಷ್ಟ. ಅಂದರೆ ವಯಸ್ಸಿಗೂ ಗುಜರಿಗೂ ನೇರ ಸಂಬಂಧವಿಲ್ಲ.

ಹಾಗಾದರೆ ಯಾವುದಕ್ಕಿದೆ? ನನ್ನ ಉತ್ತರ ತಕ್ಕಡಿಯಲ್ಲಿದೆ. ಒಂದು ವಸ್ತುವನ್ನು ಎಣಿಸಿ ಮಾರುವವರೆಗೆ ಅದು ಹಳೇದು, ಸೆಕೆಂಡ್ ಹ್ಯಾಂಡು, ಬಳಸಿದ್ದು. ತೂಗಿ ಮಾರಿದ ಕ್ಷಣಕ್ಕೆ ಅದು ಗುಜರಿ. ಈ ಗೆರೆ ಕಂಡ ಮೇಲೆ ಪದದ ಬಹುಪಾಲು ಬಳಕೆಗಳು ತಾವಾಗಿ ಅರ್ಥವಾಗುತ್ತವೆ.

ಮೊದಲು ಪದ ಎಲ್ಲಿಂದ ಬಂತು ಎಂಬುದನ್ನು ನೋಡೋಣ, ಅದರ ದಾರಿ ತಮಾಷೆಯಾಗಿದೆ. ಉರ್ದು, ಹಿಂದಿಯಲ್ಲಿ ‘ಗುಜ್ರಿ’ ಎಂದರೆ ದಾರಿ ಬದಿಯ ಸಂತೆ, ಅದರಲ್ಲೂ ಮಧ್ಯಾಹ್ನ ಇಳಿದ ಮೇಲೆ ಕೂಡುವ ಸಂತೆ. ಹಿಂದೆ ಇರುವುದು ಪಾರಸಿಯ ‘ಗುಜರ್’, ಹಾದುಹೋಗು ಎಂಬರ್ಥದ್ದು. ಆ ಮನೆತನದ ಬೇರೆ ಪದಗಳೂ ಕನ್ನಡದಲ್ಲಿ ಬಹಳ ಕಾಲದಿಂದ ನೆಲೆಸಿವೆ. ಜೀವನ ಸಾಗಿಸುವುದಕ್ಕೆ ‘ಗುಜರಾನ’ ಎನ್ನುತ್ತೇವೆ, ಕೋರ್ಟಿಗೆ ಅರ್ಜಿ ‘ಗುಜರಾಯಿಸು’ತ್ತೇವೆ. ಗುಜರಿಯೂ ಇವುಗಳ ನೆಂಟನೇ. ಹಾದುಹೋಗುವವರಿಗಾಗಿ ಹಾದಿಯಲ್ಲಿ ಹಾಸಿದ ಅಂಗಡಿ ಅದು. (ಹಿಂದೂಸ್ತಾನಿ ಸಂಗೀತದ ಗುಜರಿ ತೋಡಿ ಬೇರೆ, ಅದರ ಹೆಸರಿನ ಗುರುತು ಗುರ್ಜರ ನಾಡಿನದು. ಧಾರವಾಡದ ಬೆಳಗಿನ ಬೈಠಕ್ಕಿನಲ್ಲಿ ಆ ರಾಗ ಕೇಳಿ ಯಾರೂ ಹಳೇ ಕಬ್ಬಿಣ ನೆನೆಯಬೇಕಾಗಿಲ್ಲ.)

ಸಂತೆಯ ಅರ್ಥ ಬೇರೆ ಊರುಗಳಲ್ಲಿ ಇವತ್ತಿಗೂ ಉಳಿದಿದೆ. ಅಹಮದಾಬಾದಿನಲ್ಲಿ ಸಾಬರಮತಿ ದಂಡೆಯಲ್ಲಿ ಭಾನುವಾರ ನೆರೆಯುವ ದೊಡ್ಡ ಸಂತೆಯ ಹೆಸರು ಗುಜರಿ ಬಜಾರ್. ಹಳೇ ಬಾಗಿಲು, ಹಳೇ ಪುಸ್ತಕ, ಹಳೇ ಉಪಕರಣ ಎಲ್ಲವೂ ಅಲ್ಲಿಗೆ ಬರುತ್ತವೆ. ಊರನ್ನು ಕಟ್ಟಿದ ಸುಲ್ತಾನ ಅಹಮದ್ ಶಾಹನ ಕಾಲದಿಂದ, ಅಂದರೆ 15ನೇ ಶತಮಾನದಿಂದ, ಅದು ನಡೆದುಬಂದಿದೆ ಎಂಬುದು ಅಲ್ಲಿನ ಪ್ರತೀತಿ. ಇನ್ನು ಕೊಲ್ಹಾಪುರಕ್ಕೆ ಬನ್ನಿ. ಅಂಬಾಬಾಯಿ ಗುಡಿಯ ಹತ್ತಿರ ‘ಗುಜರಿ’ ಎಂಬ ಹೆಸರಿನ ಬೀದಿಯೇ ಇದೆ. ನಮ್ಮ ಕಿವಿಯಿಂದ ಹೆಸರು ಕೇಳಿ ತಗಡು, ಡಬ್ಬಿ ಹುಡುಕಿಕೊಂಡು ಹೋದರೆ ಸಿಗುವುದು ಸಾಲುಸಾಲು ಚಿನ್ನ ಬೆಳ್ಳಿಯ ಅಂಗಡಿಗಳು. ಕೊಲ್ಹಾಪುರಿ ಸಾಜ್ ಎಂಬ ಕೊರಳ ಹಾರ ಕೊಳ್ಳಲು ಜನ ಹುಡುಕಿಕೊಂಡು ಬರುವ ಜಾಗ ಅದು.

ಅತ್ತ ಮುಂಬೈನಲ್ಲಿ ಗುಜರಿ ಸಾಮಾನಿಗೆ ಮರಾಠಿಯವರು ಹೇಳುವುದು ‘ಭಂಗಾರ್’. ಮುರಿ, ಭಂಗವಾಗು ಎಂಬ ಮೂಲದ ಪದ. ನಮಗೆ ಬಂಗಾರ ಎಂದರೆ ಏನೆಂದು ಹೇಳಬೇಕಿಲ್ಲ. ಹೀಗೆ ಗಡಿಯ ಆಚೆಗೆ ಗುಜರಿಯಲ್ಲಿ ಚಿನ್ನ ಸಿಗುತ್ತದೆ, ಭಂಗಾರದಲ್ಲಿ ತುಕ್ಕು ಸಿಗುತ್ತದೆ. ಈಚೆಗೆ ಎರಡೂ ತಿರುಗುಮುರುಗು. ಎರಡು ಪದಗಳೂ ಬೇರೆ ಬೇರೆ ಬೇರಿನವು, ಇದು ಬರೀ ಕಾಕತಾಳೀಯ. ಆದರೂ ಬೆಳಗಾವಿ, ನಿಪ್ಪಾಣಿ ಕಡೆ ಎರಡು ಭಾಷೆಯಲ್ಲೂ ವ್ಯಾಪಾರ ಮಾಡುವವರಿಗೆ ಇದರಲ್ಲಿ ಎಷ್ಟು ನಗೆ ಸಿಕ್ಕಿರಬೇಕು!

ಉತ್ತರ ಕರ್ನಾಟಕದ ಬಹಳಷ್ಟು ಊರುಗಳಲ್ಲಿ ಗುಜರಿ ಅಂಗಡಿಗೆ ಮೋಡಕಾ ಅಂಗಡಿ ಎನ್ನುತ್ತಾರೆ. ಇದೂ ಮರಾಠಿಯದೇ, ಮುರಿದದ್ದು ಎಂಬರ್ಥ. ಕಾಗದಕ್ಕೆ ಮಾತ್ರ ಎಲ್ಲ ಕಡೆಯೂ ಬೇರೆ ಹೆಸರು, ರದ್ದಿ. ‘ಬಸ್ಸು ರದ್ದಾಯಿತು’ ಎನ್ನುವಾಗಿನ ರದ್ದೇ ಇದು, ಬೇಡವೆಂದು ತಳ್ಳಿಹಾಕಿದ್ದು. ಕರಾವಳಿಯಲ್ಲಿ ಗುಜಿರಿ, ಗುಜುರಿ ಎಂದು ಸ್ವರ ಸ್ವಲ್ಪ ಹೊರಳುತ್ತದೆ, ಅಷ್ಟೇ.

ಸಂತೆಯ ಹೆಸರು ನಮ್ಮಲ್ಲಿ ಸಾಮಾನಿನ ಹೆಸರಾದದ್ದು ಹೇಗೆ ಎಂಬುದಕ್ಕೆ ಕನ್ನಡದ ವಿಭಕ್ತಿಯೇ ಸಾಕ್ಷಿ ಕೊಡುತ್ತದೆ. ‘ಗುಜರಿಗೆ ಹಾಕು’ ಎನ್ನುವಾಗಿನ ‘ಗೆ’ ಒಂದು ಜಾಗವನ್ನು ತೋರಿಸುತ್ತದೆ, ‘ಸಂತೆಗೆ ಹಾಕು’, ‘ಮಂಡಿಗೆ ಹಾಕು’ ಎಂದಂತೆ. ಅಲ್ಲಿ ಗುಜರಿ ಇನ್ನೂ ಒಂದು ಸ್ಥಳ. ‘ಗುಜರಿ ಸಾಮಾನು’ ಎಂದಾಗ ಆ ಸ್ಥಳದಲ್ಲಿ ಸಿಗುವ ವಸ್ತು. ‘ಗುಜರಿ ಗಾಡಿ’ ಎಂದಾಗ ಗಾಡಿ ಇನ್ನೂ ಮನೆ ಮುಂದೆಯೇ ನಿಂತಿದೆ, ಗುಜರಿಯ ಮುಖ ನೋಡಿಲ್ಲ. ಆದರೂ ಗುಣ ಅಂಟಿಕೊಂಡಿದೆ. ಸ್ಥಳ, ಸಾಮಾನು, ಗುಣ, ಮೂರೂ ಅರ್ಥ ಒಂದೇ ಕಾಲಕ್ಕೆ ಬಳಕೆಯಲ್ಲಿವೆ, ಯಾವುದೂ ಇನ್ನೊಂದನ್ನು ಹೊರದಬ್ಬಿಲ್ಲ. ಬೆಂಗಳೂರಿನ ಶಿವಾಜಿನಗರದಲ್ಲಿ ‘ಗುಜರಿಯಲ್ಲಿ ನೋಡು, ಸಿಗುತ್ತೆ’ ಎಂದು ಮೆಕ್ಯಾನಿಕ್ ಹೇಳಿದರೆ ಅದು ಹಳೇ ಬಿಡಿಭಾಗಗಳ ಬೀದಿಯ ವಿಳಾಸ.

ಮಾತಿನ ಮರ್ಯಾದೆಯೂ ಇದರಲ್ಲಿದೆ. ನಮ್ಮ ಸ್ಕೂಟರನ್ನು ನಾವು ‘ನಮ್ಮ ಗುಜರಿ’ ಎಂದರೆ ಅದು ಸಲಿಗೆ, ಒಂದಿಷ್ಟು ಹೆಮ್ಮೆಯೂ ಹೌದು. ಮಾವನ ಮನೆಯ ಸ್ಕೂಟರನ್ನು ಹಾಗೆ ಕರೆಯುವುದು ಜಗಳಕ್ಕೆ ಪೀಠಿಕೆ. ಮನುಷ್ಯರಿಗೆ, ಅದರಲ್ಲೂ ವಯಸ್ಸಾದವರಿಗೆ ಈ ಪದ ಬಳಸುವವರೂ ಇದ್ದಾರೆ. ಅದು ಬರೀ ಒರಟುತನವಲ್ಲ, ಯಾಕೆ ಅಷ್ಟು ಚುಚ್ಚುತ್ತದೆ ಎಂಬುದು ತಕ್ಕಡಿಯ ಅರ್ಥ ಗೊತ್ತಾದರೆ ತಿಳಿಯುತ್ತದೆ. ಹೆಸರು, ಗುಣ, ಇತಿಹಾಸ ಏನೂ ಲೆಕ್ಕಕ್ಕಿಲ್ಲ, ಉಳಿದಿರುವುದು ತೂಕ ಮಾತ್ರ ಎಂದು ಹೇಳಿದ ಹಾಗೆ ಅದು.

ಗುಜರಿ ಅಂಗಡಿಯಲ್ಲಿ ನಡೆಯುವುದೂ ಇದೇ. ಒಳಗೆ ಹೋದ ವಸ್ತು ಮೊದಲು ಕಳೆದುಕೊಳ್ಳುವುದು ತನ್ನ ಹೆಸರನ್ನು. ಸೀಲಿಂಗ್ ಫ್ಯಾನು ಅಲ್ಲಿ ಫ್ಯಾನಲ್ಲ. ರೆಕ್ಕೆ ಅಲ್ಯೂಮಿನಿಯಂ ರಾಶಿಗೆ, ಮೋಟಾರಿನ ಸುರುಳಿ ತಾಮ್ರದ ರಾಶಿಗೆ, ನಡುವಿನ ಪಟ್ಟಿಗಳು ಕಬ್ಬಿಣಕ್ಕೆ. ಬಿಡಿಸದೆ ಕೊಟ್ಟರೆ ಒಂದು ದರ, ಬಿಡಿಸಿ ಕೊಟ್ಟರೆ ಇನ್ನೊಂದು. ವ್ಯತ್ಯಾಸವೇ ಗುಜರಿಯವರ ಕೂಲಿ. ಕಬ್ಬಿಣದಲ್ಲೂ ಜಾತಿಗಳಿವೆ. ಬೀಡು ಬೇರೆ, ಸರಳು ಬೇರೆ, ತಗಡು ಬೇರೆ. ತಗಡು ತೆಳ್ಳಗಿದ್ದು ಜಾಗ ತಿನ್ನುತ್ತದೆ, ತುಕ್ಕಾಗಿ ತೂಕವೂ ಕರಗಿರುತ್ತದೆ, ಆದ್ದರಿಂದ ದರ ಕಡಿಮೆ. ಹಿತ್ತಾಳೆ ಎಂದುಕೊಂಡು ತಂದದ್ದು ಬರೀ ಲೇಪವೋ ಎಂದು ನೋಡಲು ಅರದಿಂದ ಒಂದು ಗೀರು ಎಳೆಯುತ್ತಾರೆ. ಸ್ಟೀಲಿಗೆ ಅಯಸ್ಕಾಂತ ಹಿಡಿಯುತ್ತಾರೆ. ನಿಕ್ಕಲ್ ಹೆಚ್ಚಿರುವ ಒಳ್ಳೆಯ ಸ್ಟೀಲಿಗೆ ಅದು ಸಾಮಾನ್ಯವಾಗಿ ಅಂಟುವುದಿಲ್ಲ, ಅಂಟಿದರೆ ದರ ಇಳಿಯಿತು ಎಂದೇ ಅರ್ಥ. ರಾಸಾಯನಿಕ ಪ್ರಯೋಗಾಲಯ ಹೇಳುವುದನ್ನು ಈ ಎರಡು ಸಾಧನದಲ್ಲೇ ಬಹುಮಟ್ಟಿಗೆ ಹೇಳಿಬಿಡುತ್ತಾರೆ.

ಬೀದಿಯಲ್ಲಿ ‘ಹಳೇ ಪಾತ್ರೆ, ಹಳೇ ಕಬ್ಬಿಣ, ಹಳೇ ಪೇಪರ್’ ಎಂದು ಕೂಗಿಕೊಂಡು ಬರುವ ತಳ್ಳುಗಾಡಿಯವರು ಈ ಸರಪಳಿಯ ಮೊದಲ ಕೊಂಡಿ. ಅವರ ಮೇಲೆ ಬಡಾವಣೆಯ ಗುಜರಿ ಅಂಗಡಿ, ಅದರ ಮೇಲೆ ಒಂದೊಂದೇ ಲೋಹವನ್ನು ಕೊಳ್ಳುವ ದೊಡ್ಡ ವ್ಯಾಪಾರಿ, ಕೊನೆಗೆ ಕುಲುಮೆ. ಬೆಂಗಳೂರಿನಲ್ಲಿ ಜಾಲಿ ಮೊಹಲ್ಲಾ, ಪ್ಲಾಸ್ಟಿಕ್ಕಿಗಾದರೆ ನಾಯಂಡಹಳ್ಳಿ, ಇಂಥ ಮೇಲಿನ ಮೆಟ್ಟಿಲುಗಳು. ಮೆಟ್ಟಿಲು ಏರುತ್ತಾ ಹೋದಂತೆ ವಿಂಗಡಣೆ ಹೆಚ್ಚು ಸೂಕ್ಷ್ಮವಾಗುತ್ತದೆ, ಕಿಲೋ ದರ ಏರುತ್ತದೆ. ಕಸ ಎಂಬ ಪದ ಇಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ಕಸಕ್ಕೆ ದುಡ್ಡು ಕೊಟ್ಟು ಸಾಗಿಸಬೇಕು, ಗುಜರಿಗೆ ದುಡ್ಡು ಬರುತ್ತದೆ.

ಪುಸ್ತಕದ ಗತಿ ಇನ್ನೂ ಸ್ಪಷ್ಟ. ರದ್ದಿ ಅಂಗಡಿಯಲ್ಲಿ ನಿಘಂಟಿಗೂ ಗಣಿತದ ಗೈಡಿಗೂ ಒಂದೇ ದರ, ದಪ್ಪ ರಟ್ಟಿದ್ದರೆ ಹರಿದು ಬದಿಗಿಡುತ್ತಾರೆ. ಅದೇ ಪುಸ್ತಕ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗೆ ಹೋದರೆ ಹೆಸರು ನೋಡಿ, ಆವೃತ್ತಿ ನೋಡಿ, ಮುಂದಿನ ವರ್ಷವೂ ಅದೇ ಪಠ್ಯ ಇದೆಯೇ ಎಂದು ನೋಡಿ ಬೆಲೆ ಕಟ್ಟುತ್ತಾರೆ. ಹಾಳೆ ಅದೇ, ಹಳದಿಯೂ ಅಷ್ಟೇ.

ತೂಕಕ್ಕೆ ಬಿದ್ದದ್ದು ಮತ್ತೆ ಎಣಿಕೆಗೆ ಏರುವುದೂ ಉಂಟು. ಬಚ್ಚಲಿನ ತಾಮ್ರದ ಹಂಡೆಗಳ ಕಥೆ ತಗೊಳ್ಳಿ. ಒಲೆ ಹೋಗಿ ಗೀಸರು ಬಂದ ಕಾಲದಲ್ಲಿ ಅವು ಊರೂರಿನಿಂದ ಗುಜರಿಗೆ ಹರಿದವು. ಮಸಿ ಹಿಡಿದ ತಳವನ್ನು ನೋಡಿ ಕಿಲೋಗೆ ಇನ್ನಷ್ಟು ಚೌಕಾಸಿ ಮಾಡಿದರು. ಈಗ ಅಂಥದೇ ಹಂಡೆ ಹುಣಿಸೆಹಣ್ಣಿನಿಂದ ಉಜ್ಜಿಸಿಕೊಂಡು ರೆಸಾರ್ಟಿನ ಬಾಗಿಲಲ್ಲಿ ಹೂವಿನ ಪಕಳೆ ತೇಲಿಸಿಕೊಂಡು ಕೂತಿದೆ. ಅದನ್ನು ಕೊಳ್ಳಲು ಹೋದರೆ ಯಾರೂ ತೂಕ ಹೇಳುವುದಿಲ್ಲ, ‘ಒಂದಕ್ಕೆ ಇಷ್ಟು’ ಎನ್ನುತ್ತಾರೆ. ನನಗೇನೋ ಬಚ್ಚಲಲ್ಲಿದ್ದಾಗಲೇ ಅದಕ್ಕೆ ಘನತೆ ಹೆಚ್ಚಿತ್ತು ಅನ್ನಿಸುತ್ತದೆ, ಆ ಮಾತು ಬೇರೆ.

ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳದೂ ಇದೇ ಹಾದಿ. ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೆ ಬಿಡಿಭಾಗ ಸಿಗದೆ, ಪೆಟ್ರೋಲ್ ಕುಡಿಯುವ ಗಾಡಿ ಎಂಬ ಹೆಸರು ಹೊತ್ತು ಎಷ್ಟೋ ಬೈಕುಗಳು ಕಬ್ಬಿಣದ ಬೆಲೆಗೆ ಹೋದವು. ಇಂದು ಅವುಗಳ ಸೈಲೆನ್ಸರು, ಟ್ಯಾಂಕು, ಮೀಟರಿಗಾಗಿ ಗುಜರಿ ರಾಶಿ ಕೆದಕುವ ಪ್ರೀತಿಯ ಬಳಗವೇ ಇದೆ. ಬೇಕಾದ ಭಾಗ ರಾಶಿಯಲ್ಲಿ ಕಣ್ಣಿಗೆ ಬಿದ್ದ ತಕ್ಷಣ ಅಂಗಡಿಯವರು ತಕ್ಕಡಿ ಮರೆತುಬಿಡುತ್ತಾರೆ. ಕೊಳ್ಳುವವರ ಮುಖ ಓದಿಯೇ ಬೆಲೆ ಹೇಳುವುದು. ಅದಕ್ಕೇ ಈ ಬಳಗದ ಹಳಬರು ಹೊಸಬರಿಗೆ ಹೇಳಿಕೊಡುವ ಮೊದಲ ಪಾಠ: ಸಿಕ್ಕಿತು ಅಂತ ಹಲ್ಲು ಬಿಡಬೇಡ.

ಇಲ್ಲಿ ‘ಡಕೋಟ’ವನ್ನು ಪಕ್ಕದಲ್ಲಿಟ್ಟರೆ ಗುಜರಿಯ ಗಡಿ ಇನ್ನೂ ನಿಚ್ಚಳವಾಗುತ್ತದೆ. ಡಕೋಟ ಮೂಲತಃ ವಿಮಾನದ ಹೆಸರು. ಅಮೆರಿಕದ ಡಗ್ಲಸ್ ಕಂಪನಿಯ ಸರಕು ವಿಮಾನವನ್ನು ಬ್ರಿಟಿಷ್ ವಾಯುಪಡೆ ಹಾಗೆ ಕರೆಯಿತು. ಎರಡನೇ ಮಹಾಯುದ್ಧ ಮುಗಿದಾಗ ಮಿಕ್ಕ ಡಕೋಟಗಳು ಭಾರತದ ವಿಮಾನ ಕಂಪನಿಗಳ ಕೈಗೆ ಬಂದವು. ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಅವನ್ನು ರಿಪೇರಿ ಮಾಡಿ ಪ್ರಯಾಣಿಕರಿಗೆ ತಕ್ಕಂತೆ ಬದಲಾಯಿಸುವ ಕೆಲಸವೂ ನಡೆಯಿತು. 1947ರ ಅಕ್ಟೋಬರ್ 27ರಂದು ನಮ್ಮ ಸೈನಿಕರನ್ನು ಶ್ರೀನಗರಕ್ಕೆ ಇಳಿಸಿದ್ದು ಡಕೋಟಗಳೇ. ಜೆಟ್ ವಿಮಾನಗಳು ಬಂದ ಮೇಲೂ ಅವು ಗಡಗಡ ಸದ್ದು ಮಾಡಿಕೊಂಡು ವರ್ಷಗಟ್ಟಲೆ ಹಾರುತ್ತಲೇ ಇದ್ದವು. ಆ ಹೆಸರು ರಸ್ತೆಗೆ ಇಳಿದು ಹಳೇ ಬಸ್ಸು, ಕಾರುಗಳಿಗೆ ಅಂಟಿಕೊಂಡಿತು. ಗಮನಿಸಬೇಕಾದ್ದು ಏನೆಂದರೆ, ಡಕೋಟ ಎನ್ನಿಸಿಕೊಳ್ಳಲು ಗಾಡಿ ಓಡುತ್ತಿರಬೇಕು. ಸದ್ದು ಬರಲಿ, ಹೊಗೆ ಬರಲಿ, ಏರಿನಲ್ಲಿ ಇಳಿದು ತಳ್ಳಲಿ, ಊರು ಮುಟ್ಟಿಸಬೇಕು. ನಿಂತೇ ಹೋದ ಗಾಡಿಯನ್ನು ಯಾರೂ ಡಕೋಟ ಎನ್ನುವುದಿಲ್ಲ. ಲಡಕಾಸಿಯೂ ಹಾಗೆಯೇ, ಅದರ ಅರ್ಧ ಅರ್ಥ ಸದ್ದಿನಲ್ಲಿದೆ. ಓಬಿರಾಯನ ಕಾಲದ್ದಕ್ಕೆ ಸದ್ದೂ ಬೇಡ, ಓಟವೂ ಬೇಡ, ಫ್ಯಾಷನ್ ದಾಟಿದ್ದರೆ ಸಾಕು. ಮೀಸೆಗೂ ಹೇಳಬಹುದು, ನಂಬಿಕೆಗೂ ಹೇಳಬಹುದು.

ಜನರ ಬಾಯಲ್ಲಿ ಇಷ್ಟು ಸಡಿಲವಾಗಿದ್ದ ಗುಜರಿಗೆ ಈಚೆಗೆ ಕಾನೂನಿನ ಸಂಗ ಬಂತು. 2021ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಹಳೇ ವಾಹನಗಳ ನೀತಿ ಘೋಷಿಸಿದಾಗ ಕನ್ನಡ ಪತ್ರಿಕೆಗಳು ಅದಕ್ಕೆ ಇಟ್ಟ ಹೆಸರು ‘ಗುಜರಿ ನೀತಿ’. ಒಳ್ಳೆಯ ಹೆಸರೇ, ಆದರೆ ಒಂದು ಗೊಂದಲ ಅಲ್ಲೇ ಹುಟ್ಟಿತು. 15 ವರ್ಷ ತುಂಬಿದ ಗಾಡಿಯನ್ನು ಗುಜರಿಗೆ ಹಾಕಲೇಬೇಕು ಎಂದು ಬಹಳ ಜನ ಇಂದಿಗೂ ನಂಬಿದ್ದಾರೆ. ಹಾಗೇನಿಲ್ಲ. ಖಾಸಗಿ ಕಾರು, ಬೈಕಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಸಾರಿಗೆ ಕಚೇರಿಗೆ ಒಯ್ದು ತಪಾಸಣೆಯಲ್ಲಿ ಪಾಸಾದರೆ ಐದೈದು ವರ್ಷಕ್ಕೆ ನವೀಕರಣ ಸಿಗುತ್ತದೆ. ನೀತಿ ಮಾಡಿದ್ದು ಆ ದಾರಿಯನ್ನು ದುಬಾರಿ ಮಾಡಿದ್ದು. 600 ರೂಪಾಯಿ ಇದ್ದ ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು, ಬೈಕಿನದು 300ರಿಂದ 1,000ಕ್ಕೆ ಏರಿತು. ವಯಸ್ಸನ್ನೇ ನೋಡಿ ತಳ್ಳಿಹಾಕುವ ನಿಯಮ ಇರುವುದು ಸರ್ಕಾರದ್ದೇ ಗಾಡಿಗಳಿಗೆ. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ನವೀಕರಣವಾಗುವುದಿಲ್ಲ. ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಎಂಬ ಕಟ್ಟುಪಾಡು ದೆಹಲಿ ಸುತ್ತಮುತ್ತಲಿಗೆ ಹಸಿರು ನ್ಯಾಯಮಂಡಳಿ ಹಾಕಿದ್ದು, ಕರ್ನಾಟಕಕ್ಕೆ ಅನ್ವಯಿಸುವುದಲ್ಲ. ವಾಟ್ಸಾಪಿನಲ್ಲಿ ಮೂರೂ ಕಲಸಿ ಒಂದೇ ಉಂಡೆಯಾಗಿ ಬರುತ್ತದೆ.

ಇದೇ 2021ರಲ್ಲಿ ಇನ್ನೊಂದು ನಿಯಮವೂ ಬಂತು. 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿಸಿಕೊಂಡ ಕಾರು, ಬೈಕನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ನಂಬರ್ ಪ್ಲೇಟಿನಲ್ಲಿ ‘ವಿಎ’ ಎಂಬ ಅಕ್ಷರ ಬರುತ್ತದೆ. ದಿನನಿತ್ಯ ಓಡಿಸುವಂತಿಲ್ಲ, ಪ್ರದರ್ಶನ, ರ್‍ಯಾಲಿಗೆ ತರಬಹುದು. ಇನ್ನೂ ಹಿಂದಕ್ಕೆ ಹೋದರೆ 1972ರ ಪುರಾವಸ್ತು ಕಾಯ್ದೆಯಿದೆ. ಅದರ ಪ್ರಕಾರ ಶಿಲ್ಪ, ನಾಣ್ಯ, ಕುಶಲ ಕೆಲಸದಂಥ ವಸ್ತು ಪುರಾವಸ್ತು ಎನಿಸಲು 100 ವರ್ಷ ತುಂಬಿರಬೇಕು, ಮಹತ್ವದ ಹಸ್ತಪ್ರತಿಯಾದರೆ 75 ಸಾಕು. ಅಂಥದ್ದನ್ನು ದೇಶದಿಂದ ಹೊರಗೆ ಸಾಗಿಸುವುದು ಅಪರಾಧ. ಈ ಸಂಖ್ಯೆಗಳನ್ನು ಸಾಲಾಗಿ ಇಟ್ಟು ನೋಡಿ. ಗಾಡಿಗೆ ನಿಜವಾದ ಗಂಡಾಂತರ ಇರುವುದು 15 ಮತ್ತು 50ರ ನಡುವೆ. ಆ ಮೂವತ್ತೈದು ವರ್ಷ ಅದನ್ನು ಕಾಯುವ ಕಾನೂನಿಲ್ಲ, ಶುಲ್ಕ ಮಾತ್ರ ಇದೆ. ಯೆಜ್ಡಿ ಎಂಬ ಹೆಸರು ಬಂದ 1973ರ ಬೈಕುಗಳು 2023ಕ್ಕೆ ಗಡಿ ದಾಟಿ ವಿಂಟೇಜ್ ಆದವು. ಕಾರ್ಖಾನೆ ಮುಚ್ಚಿದ ವರ್ಷದ ಕೊನೆಯ ಬೈಕುಗಳು 2046ರವರೆಗೆ ಕಾಯಬೇಕು. ಯಾವ ಮಾಲೀಕರು ಕಾಯುತ್ತಾರೆ, ಯಾರ ಮನೆಯ ಪಾರ್ಕಿಂಗ್ ಜಾಗ ಕಾಯುತ್ತದೆ ಎಂಬುದರ ಮೇಲೆ ಅದು ನಿಂತಿದೆ. ಒಂದು ವಸ್ತು ಪುರಾವಸ್ತು ಆಗಬೇಕಾದರೆ ಮೊದಲು ಗುಜರಿಯ ವಯಸ್ಸನ್ನು ದಾಟಿ ಬದುಕಿರಬೇಕು, ಈ ಸರಳ ಸಂಗತಿಯನ್ನು ನೀತಿ ಬರೆದವರು ಅಷ್ಟಾಗಿ ಗಮನಿಸಿದಂತಿಲ್ಲ.

ದೊಡ್ಡವರೂ ಇದರಿಂದ ಪಾರಾಗಿಲ್ಲ. 1961ರಲ್ಲಿ ನೌಕಾಪಡೆ ಸೇರಿ, 1971ರ ಯುದ್ಧದಲ್ಲಿ ಹೆಸರು ಮಾಡಿದ ವಿಮಾನವಾಹಕ ಹಡಗು ವಿಕ್ರಾಂತ್ 1997ರಲ್ಲಿ ನಿವೃತ್ತಿಯಾಗಿ ಮುಂಬೈನಲ್ಲಿ ಕೆಲಕಾಲ ವಸ್ತುಸಂಗ್ರಹಾಲಯವಾಗಿತ್ತು. ನಿರ್ವಹಣೆಗೆ ದಾರಿಯಾಗದೆ 2014ರಲ್ಲಿ ಸುಮಾರು 60 ಕೋಟಿಗೆ ಹರಾಜಾಗಿ ಗುಜರಿಗೆ ಹೋಯಿತು, ಗ್ಯಾಸ್ ಕಟರುಗಳು ಅದನ್ನು ತುಂಡುತುಂಡು ಮಾಡಿದವು. ಆ ಕಬ್ಬಿಣದ ಒಂದು ಭಾಗವನ್ನು ಕೊಂಡು ಕರಗಿಸಿ 2016ರಲ್ಲಿ ಬಜಾಜ್ ಕಂಪನಿ ‘ವಿ’ ಎಂಬ ಬೈಕು ತಂದಿತು. ಜಾಹೀರಾತಿನ ತುಂಬ ವಿಕ್ರಾಂತವೇ. ಲೋಹಶಾಸ್ತ್ರದ ದೃಷ್ಟಿಯಲ್ಲಿ ಕರಗಿದ ಉಕ್ಕಿಗೆ ನೆನಪಿಲ್ಲ, ಅದು ಯುದ್ಧನೌಕೆಯದಾದರೂ ಒಂದೇ, ಹಳೇ ಗೇಟಿನದಾದರೂ ಒಂದೇ. ಕೊಂಡವರು ಲೋಹಶಾಸ್ತ್ರಕ್ಕೆ ದುಡ್ಡು ಕೊಡಲಿಲ್ಲ.

ಇನ್ನು ನಿಮ್ಮದೇ ಗಾಡಿಯನ್ನು ಗುಜರಿಗೆ ಹಾಕುವ ಹೊತ್ತು ಬಂದರೆ ಒಂದು ಕೆಲಸ ಮರೆಯಬೇಡಿ. ತಕ್ಕಡಿಗೆ ಏರಿದ ಕೂಡಲೇ ಗಾಡಿ ಕಣ್ಣೆದುರು ಸತ್ತಂತೆ ಕಾಣುತ್ತದೆ, ಕಾಗದದಲ್ಲಿ ಅದು ನಿಮ್ಮ ಹೆಸರಿನಲ್ಲಿ ಜೀವಂತವಾಗಿಯೇ ಇರುತ್ತದೆ. ಮೋಟಾರು ವಾಹನ ಕಾಯ್ದೆಯ 55ನೇ ಕಲಮಿನ ಪ್ರಕಾರ ಗಾಡಿ ಬಳಕೆಗೆ ಬಾರದಂತಾದರೆ 14 ದಿನದೊಳಗೆ ಸಾರಿಗೆ ಕಚೇರಿಗೆ ತಿಳಿಸಿ ಆರ್‌ಸಿ ಒಪ್ಪಿಸಿ ನೋಂದಣಿ ರದ್ದು ಮಾಡಿಸಬೇಕು. ಮಾಡಿಸದೆ ಬಿಟ್ಟರೆ ಆ ನಂಬರ್ ಪ್ಲೇಟು ಇನ್ನೊಂದು ಗಾಡಿಯ ಮೇಲೆ ಕೂತು ಎಲ್ಲಿ ಏನು ಮಾಡಿದರೂ ನೋಟಿಸು ಬರುವುದು ನಿಮ್ಮ ವಿಳಾಸಕ್ಕೆ. ಸರ್ಕಾರದ ಅನುಮತಿ ಪಡೆದ ಗುಜರಿ ಕೇಂದ್ರಕ್ಕೆ ಕೊಟ್ಟರೆ ಅವರು ಕಳುವಿನ ದಾಖಲೆ ಪರೀಕ್ಷಿಸಿ, ಗಾಡಿ ಒಪ್ಪಿಸಿದ್ದಕ್ಕೆ ಪ್ರಮಾಣಪತ್ರ ಕೊಡುತ್ತಾರೆ. ಎಣ್ಣೆ, ಬ್ಯಾಟರಿ ತೆಗೆದು ಬೇರೆಯಾಗಿ ವಿಲೇವಾರಿ ಮಾಡುತ್ತಾರೆ. ಹೊಸ ಗಾಡಿ ಕೊಳ್ಳುವಾಗ ಆ ಪತ್ರ ತೋರಿಸಿದರೆ ರಸ್ತೆ ತೆರಿಗೆಯಲ್ಲಿ ರಿಯಾಯಿತಿ ಕೊಡಲು ಕೇಂದ್ರದ ನಿಯಮ ಅವಕಾಶ ಮಾಡಿದೆ, ಖಾಸಗಿ ಗಾಡಿಗೆ ಗರಿಷ್ಠ ಶೇ 25, ಬಾಡಿಗೆ ಗಾಡಿಗೆ ಶೇ 15. ಮೂಲೆಯ ಗುಜರಿ ಅಂಗಡಿಯವರು ಕೈಗೆ ನಾಲ್ಕು ಕಾಸು ಹೆಚ್ಚೇ ಇಡಬಹುದು, ಯಾಕೆಂದರೆ ಅವರಿಗೆ ಇಂಜಿನ್ನೂ ಡೋರೂ ಬಿಡಿಬಿಡಿಯಾಗಿ ಮಾರಲು ಗಿರಾಕಿಗಳಿದ್ದಾರೆ. ಅವರಿಗೇ ಕೊಡುವುದಾದರೂ ಮೊದಲು ಆರ್‌ಸಿ ರದ್ದಾಗಲಿ, ನಂಬರ್ ಪ್ಲೇಟು ಬಿಚ್ಚಿ ಮನೆಯಲ್ಲಿಡಿ, ಚಾಸಿ ನಂಬರ್ ಕೊರೆದಿರುವ ತುಂಡನ್ನು ನಿಮ್ಮ ಮುಂದೆಯೇ ಕತ್ತರಿಸಲು ಹೇಳಿ. ಆಮೇಲೆ ತೂಗಲಿ.